ಹಳೆ ಫೋರಮ್ ಅನ್ನು ಹೊಸ ಸಾಫ್ಟ್‌ವೇರ್‌ಗೆ ಸಾಗಿಸುವುದು: ಅಕ್ಷರ, ಫೋಟೋ, ಲಿಂಕ್ ಯಾವುದೂ ಕಳೆಯದ ಹಾಗೆ

ನಮ್ಮ ಅಡಿಕೆ ಬೆಳೆಗಾರರ ಫೋರಮ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ ಜನ ಓದುವ ಪೋಸ್ಟ್ ಹತ್ತು ವರ್ಷಕ್ಕೂ ಹಳೆಯದು. ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ಮಾಡುವ ಕ್ರಮ ಅದು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, ಯಾವುದನ್ನು ಯಾವುದಕ್ಕೆ ಸುರಿಯಬೇಕು, ಕಬ್ಬಿಣದ ಪಾತ್ರೆ ಯಾಕೆ ಬೇಡ, ಎಲ್ಲವೂ ಅದರಲ್ಲಿದೆ. ಕೆಳಗೆ ಫೋಟೋಗಳು, ಅನುಭವಸ್ಥರ ತಿದ್ದುಪಡಿಗಳು. ಪ್ರತಿ ಮುಂಗಾರಿಗೆ ಮುಂಚೆ ಯಾರಾದರೊಬ್ಬರು ಅದರ ಲಿಂಕ್ ಹುಡುಕಿ ತಮ್ಮೂರಿನ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ.

ಫೋರಮ್ ಸಾಗಿಸುವಾಗ ನನ್ನ ಕಣ್ಣ ಮುಂದೆ ಇದ್ದಿದ್ದು ಆ ಒಂದು ಪೋಸ್ಟ್. ಅದು ಹೊಸ ಜಾಗದಲ್ಲಿ ಅದೇ ಅಕ್ಷರಗಳಲ್ಲಿ, ಅದೇ ಫೋಟೋಗಳ ಜೊತೆ, ಹಳೆ ಲಿಂಕ್ ಒತ್ತಿದರೂ ತೆರೆಯಬೇಕು. ಬರೆದವರ ಹೆಸರು ಹಾಗೇ ಇರಬೇಕು. ಅವರು ಲಾಗಿನ್ ಆಗಿ ಮುಂದಿನ ಪ್ರಶ್ನೆಗೆ ಉತ್ತರ ಬರೆಯುವ ಹಾಗಿರಬೇಕು. ಇಷ್ಟಾದರೆ ಸಾಗಾಟ ಆಯಿತು. ಬಣ್ಣ, ಲೋಗೋ, ಮೆನು ಎಲ್ಲ ಆಮೇಲೆ ಸರಿ ಮಾಡಿಕೊಳ್ಳಬಹುದು.

ನಾನು ಇಲ್ಲಿ ಬರೆಯುತ್ತಿರುವುದು ಪಿಎಚ್‌ಪಿಬಿಬಿ ಅನ್ನುವ ಹಳೆ ಫೋರಮ್ ಸಾಫ್ಟ್‌ವೇರ್‌ನಿಂದ ಡಿಸ್ಕೋರ್ಸ್ ಅನ್ನುವ ಹೊಸದಕ್ಕೆ ಹೋಗುವ ದಾರಿ. ಬೇರೆ ಜೋಡಿಯಾದರೂ ಹೆಜ್ಜೆಗಳ ಕ್ರಮ ಹೆಚ್ಚುಕಡಿಮೆ ಇದೇ.

ಸಾಗಿಸಲೇಬೇಕಾ?

ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಕೊಟ್ಟುಕೊಳ್ಳಿ. ಪಿಎಚ್‌ಪಿಬಿಬಿ 2000ನೇ ಇಸವಿಯಿಂದ ಇದೆ, ಇವತ್ತಿಗೂ ಬಳಕೆಯಲ್ಲಿದೆ. ನಿಮ್ಮ ತೊಂದರೆ ಹಳೆ ಆವೃತ್ತಿಯದ್ದು ಮಾತ್ರ ಆಗಿದ್ದರೆ ಅದನ್ನೇ ಹೊಸ ಆವೃತ್ತಿಗೆ ಏರಿಸಿ, ಮೊಬೈಲ್‌ಗೆ ಹೊಂದುವ ವಿನ್ಯಾಸ ಹಾಕಿ. ಅರ್ಧಕ್ಕರ್ಧ ದೂರು ಅಲ್ಲೇ ಮುಗಿಯುತ್ತದೆ.

ನಾವು ಡಿಸ್ಕೋರ್ಸ್ ಆರಿಸಿದ್ದಕ್ಕೆ ಕಾರಣ ಸರಳ. ನಮ್ಮ ಸದಸ್ಯರು ತೋಟದಲ್ಲಿ ನಿಂತು ಫೋನ್‌ನಲ್ಲೇ ಓದುವವರು, ಫೋಟೋ ತೆಗೆದು ಅಲ್ಲಿಂದಲೇ ಹಾಕುವವರು. ಇಮೇಲ್‌ಗೆ ಬಂದ ಪ್ರಶ್ನೆಗೆ ಇಮೇಲ್‌ನಿಂದಲೇ ಉತ್ತರ ಕಳಿಸುವ ಅನುಕೂಲವೂ ಬೇಕಿತ್ತು. 2013ರಲ್ಲಿ ಶುರುವಾದ ಡಿಸ್ಕೋರ್ಸ್ ಇವೆರಡನ್ನೂ ಚೆನ್ನಾಗಿ ಮಾಡುತ್ತದೆ, ಅದರ ಮೂಲ ಕೋಡ್ ಮುಕ್ತ. ಫ್ಲಾರಮ್, ನೋಡ್‌ಬಿಬಿ ಕೂಡ ನೋಡಬಹುದು.

ಸರ್ವರ್ ವಿಷಯ ಮಾತ್ರ ಮೊದಲೇ ತಿಳಿದಿರಲಿ. ಪಿಎಚ್‌ಪಿಬಿಬಿ ಅಗ್ಗದ ಹಂಚಿಕೆಯ ಹೋಸ್ಟಿಂಗ್‌ನಲ್ಲೂ ಓಡುತ್ತದೆ. ಡಿಸ್ಕೋರ್ಸ್ ಹಾಗಲ್ಲ. ಅದಕ್ಕೆ ನಿಮ್ಮದೇ ಲಿನಕ್ಸ್ ಸರ್ವರ್ ಬೇಕು, ಡಾಕರ್ (ಸಾಫ್ಟ್‌ವೇರ್ ಅನ್ನು ಕಂಟೇನರ್ ಅನ್ನುವ ಬೇರೆ ಡಬ್ಬಿಯೊಳಗೆ ಓಡಿಸುವ ವ್ಯವಸ್ಥೆ) ಮೇಲೆ ಕೂರುತ್ತದೆ. ಕನಿಷ್ಠ 1 ಜಿಬಿ ರ‍್ಯಾಮ್ ಅನ್ನುತ್ತಾರೆ, 2 ಜಿಬಿ ಇದ್ದರೆ ಒಳ್ಳೆಯದು. ಡೇಟಾ ಆಮದು ಮಾಡುವ ದಿನಗಳಲ್ಲಿ ನಾನು 4 ಜಿಬಿಗಿಂತ ಕಡಿಮೆ ಇಟ್ಟುಕೊಳ್ಳುವುದಿಲ್ಲ. ಕೆಲಸ ಮುಗಿದ ಮೇಲೆ ಬೇಕಾದರೆ ಚಿಕ್ಕದಕ್ಕೆ ಇಳಿಯಬಹುದು.

ಮೊದಲ ಹೆಜ್ಜೆ: ಮನೆಯಲ್ಲಿ ಏನೇನಿದೆ ಅಂತ ಎಣಿಸಿ

ಒಂದು ಹಾಳೆ ತೆಗೆದುಕೊಂಡು ಬರೆಯಿರಿ. ಎಷ್ಟು ಸದಸ್ಯರು, ಎಷ್ಟು ವಿಷಯ, ಎಷ್ಟು ಪೋಸ್ಟ್, ಎಷ್ಟು ಲಗತ್ತು, ಎಷ್ಟು ಖಾಸಗಿ ಸಂದೇಶ. ಸಾಗಾಟದ ಕೊನೆಗೆ ಈ ಲೆಕ್ಕವನ್ನೇ ಹೊಸ ಜಾಗದ ಲೆಕ್ಕದ ಜೊತೆ ತಾಳೆ ನೋಡಬೇಕು. ಜೊತೆಗೆ ಇಪ್ಪತ್ತು ಮುಖ್ಯ ಪೋಸ್ಟ್‌ಗಳ ಪಟ್ಟಿ ಮಾಡಿ. ಜನ ಜಾಸ್ತಿ ಓದುವುದು, ಫೋಟೋ ಜಾಸ್ತಿ ಇರುವುದು, ತೀರಾ ಹಳೆಯದು, ಮತದಾನ ಇರುವುದು, ಪಟ್ಟಿ ಮತ್ತು ಉಲ್ಲೇಖ ತುಂಬಿರುವುದು, ಎಲ್ಲ ಬಗೆಯದೂ ಇರಲಿ. ಪ್ರತಿ ತಾಲೀಮು (ಪ್ರಯೋಗಕ್ಕೆ ಮಾಡಿ ನೋಡುವ ಸಾಗಾಟ) ಮುಗಿದ ಮೇಲೆ ಈ ಇಪ್ಪತ್ತನ್ನು ಕಣ್ಣಾರೆ ತೆರೆದು ನೋಡುವುದು ನಿಮ್ಮ ಪರೀಕ್ಷೆ.

ಲಗತ್ತುಗಳ ಬಗ್ಗೆ ಒಂದು ಎಚ್ಚರಿಕೆ. ಪಿಎಚ್‌ಪಿಬಿಬಿ ಫೋಟೋಗಳನ್ನು ಒಂದು ಫೋಲ್ಡರ್‌ನಲ್ಲಿ ಇಡುತ್ತದೆ ನಿಜ, ಆದರೆ ಅವುಗಳ ನಿಜವಾದ ಹೆಸರಿನಲ್ಲಿ ಅಲ್ಲ. ಅರ್ಥವಾಗದ ಉದ್ದನೆಯ ಹೆಸರು, ಕೊನೆಗೆ ಜೆಪಿಜಿ ಅನ್ನೋ ಗುರುತೂ ಇರುವುದಿಲ್ಲ. ಯಾವ ಫೈಲ್ ಯಾವ ಪೋಸ್ಟಿನದು ಅನ್ನುವುದು ಡೇಟಾಬೇಸ್‌ನಲ್ಲಿ ಮಾತ್ರ ಇರುತ್ತದೆ. ಆದ್ದರಿಂದ ಫೋಲ್ಡರ್ ಒಂದೇ ಉಳಿಸಿಕೊಂಡರೆ ಸಾವಿರಾರು ಅನಾಥ ಫೋಟೋಗಳು, ಡೇಟಾಬೇಸ್ ಒಂದೇ ಉಳಿಸಿಕೊಂಡರೆ ಫೋಟೋ ಇಲ್ಲದ ಪೋಸ್ಟುಗಳು. ಎರಡೂ ಒಂದೇ ಹೊತ್ತಿನ ಪ್ರತಿ ಆಗಿರಬೇಕು.

ಬ್ಯಾಕಪ್ ತೆಗೆದರೆ ಸಾಲದು. ಅದನ್ನು ಬೇರೆ ಕಂಪ್ಯೂಟರ್‌ನಲ್ಲಿ ಬಿಚ್ಚಿ, ಹಳೆ ಫೋರಮ್ ಅಲ್ಲಿ ಓಡುತ್ತದಾ ನೋಡಿ. ಬಿಚ್ಚಿ ನೋಡದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ. 2014ರ ಸೆಪ್ಟೆಂಬರ್ 30ಕ್ಕೆ ಆರ್ಕುಟ್ ಮುಚ್ಚಿತು, 2020ರ ಡಿಸೆಂಬರ್ 15ಕ್ಕೆ ಯಾಹೂ ಗ್ರೂಪ್ಸ್ ಮುಚ್ಚಿತು. ಅಲ್ಲಿ ಕನ್ನಡದವರೂ ಗುಂಪು ಕಟ್ಟಿಕೊಂಡು ವರ್ಷಗಟ್ಟಲೆ ಮಾತಾಡಿದ್ದರು. ಯಾರೂ ಪ್ರತಿ ತೆಗೆದಿಡದ ಮಾತುಕತೆ ಈಗ ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ನಿಮ್ಮ ಕೈಯಲ್ಲಿ ಡೇಟಾಬೇಸ್ ಇದೆ, ಅದು ದೊಡ್ಡ ಭಾಗ್ಯ.

ಎರಡನೇ ಹೆಜ್ಜೆ: ಕನ್ನಡ ಅಕ್ಷರಗಳ ಪರೀಕ್ಷೆ

ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಈ ಭಾಗಕ್ಕೆ ಒಂದು ಸಾಲು ಸಿಕ್ಕರೆ ಹೆಚ್ಚು. ನಮಗೆ ಮಾತ್ರ ಎಲ್ಲಕ್ಕಿಂತ ಜಾಸ್ತಿ ಸಮಯ ಹಿಡಿದದ್ದು ಇದೇ.

ಯೂನಿಕೋಡ್ ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಒಂದೇ ಸಂಕೇತ ಪದ್ಧತಿ. ಅದರ ಯುಟಿಎಫ್-8 ಕ್ರಮದಲ್ಲಿ ಒಂದು ಕನ್ನಡ ಅಕ್ಷರಚಿಹ್ನೆಗೆ ಮೂರು ಬೈಟ್ ಬೇಕು. ಹಳೆ ಮೈಎಸ್‌ಕ್ಯೂಎಲ್ ಡೇಟಾಬೇಸ್‌ಗಳು ಎಷ್ಟೋ ಸಲ ಲ್ಯಾಟಿನ್-1 (ಯುರೋಪಿನ ಭಾಷೆಗಳ ಹಳೆ ಅಕ್ಷರ ಸಂಕೇತ) ಅನ್ನುವ ಹಣೆಪಟ್ಟಿಯಲ್ಲಿ ಇರುತ್ತವೆ, ಒಳಗೆ ಮಾತ್ರ ಯುಟಿಎಫ್-8 ಕನ್ನಡ ತುಂಬಿರುತ್ತದೆ. ಹಳೆ ಫೋರಮ್‌ನಲ್ಲಿ ಬರೆಯುವಾಗಲೂ ಓದುವಾಗಲೂ ಒಂದೇ ತಪ್ಪು ನಡೆಯುವುದರಿಂದ ಕನ್ನಡ ಸರಿಯಾಗೇ ಕಾಣುತ್ತದೆ. ಡಂಪ್, ಅಂದರೆ ಡೇಟಾಬೇಸ್‌ನ ಪೂರ್ತಿ ಪ್ರತಿಯ ಫೈಲ್, ತೆಗೆಯುವಾಗ ಡೇಟಾಬೇಸ್ ಆ ಹಣೆಪಟ್ಟಿಯನ್ನು ನಂಬಿ ಎಲ್ಲವನ್ನೂ ಇನ್ನೊಮ್ಮೆ ಯುಟಿಎಫ್-8ಕ್ಕೆ ತಿರುಗಿಸುತ್ತದೆ. ಆಗ ‘ಕ’ ಇದ್ದ ಕಡೆ ಮೂರು ವಿಚಿತ್ರ ಗುರುತುಗಳು ಬಂದು ಕೂರುತ್ತವೆ.

ಪರೀಕ್ಷೆ ಹೀಗೆ ಮಾಡಿ. ಡಂಪ್ ಫೈಲನ್ನು ಯುಟಿಎಫ್-8 ಓದುವ ಎಡಿಟರ್‌ನಲ್ಲಿ ತೆರೆದು ಗೊತ್ತಿರುವ ಒಂದು ಪದ ಹುಡುಕಿ. ನಾವು ‘ಮೈಲುತುತ್ತ’ ಹುಡುಕಿದೆವು. ಸಿಕ್ಕರೆ ಸರಿ. ಸಿಗದಿದ್ದರೆ ಡಂಪ್ ಆಜ್ಞೆಯಲ್ಲಿ ಅಕ್ಷರ ಸಂಕೇತವನ್ನು ಲ್ಯಾಟಿನ್-1 ಅಂತಲೇ ಹೇಳಿ ಮತ್ತೆ ತೆಗೆಯಿರಿ. ಆಗ ತಿರುಗಿಸುವ ಕೆಲಸ ನಡೆಯುವುದಿಲ್ಲ, ಬೈಟ್‌ಗಳು ಇದ್ದ ಹಾಗೇ ಬರುತ್ತವೆ. ಆಮೇಲೆ ಫೈಲ್ ಒಳಗಿನ ಹಣೆಪಟ್ಟಿಗಳನ್ನು ನಾಲ್ಕು ಬೈಟ್‌ನ ಯುಟಿಎಫ್-8 ಅಂತ ತಿದ್ದಿ ಹೊಸದಾಗಿ ತುಂಬಿ. ಮೈಎಸ್‌ಕ್ಯೂಎಲ್‌ನ ಹಳೆ ‘ಯುಟಿಎಫ್-8’ ಮೂರೇ ಬೈಟ್ ಹಿಡಿಯುತ್ತದೆ. ಕನ್ನಡಕ್ಕೆ ಅದು ಸಾಕು, ಇಮೋಜಿಗೆ ಸಾಲದು. ಈ ಪ್ರಯೋಗ ಎಲ್ಲವೂ ಪ್ರತಿಯ ಮೇಲೆ, ಮೂಲ ಡೇಟಾಬೇಸ್ ಮುಟ್ಟಲೇಬೇಡಿ.

ಇನ್ನೂ ಹಳೆಯ ತೊಡಕು ಒಂದಿದೆ. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಪೋಸ್ಟ್‌ಗಳು ನುಡಿ ಅಥವಾ ಬರಹ ತಂತ್ರಾಂಶದ ಆಸ್ಕಿ ಫಾಂಟ್‌ನಲ್ಲಿ (ರೋಮನ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ಆಕಾರ ತೊಡಿಸಿದ ಫಾಂಟ್) ಬರೆದದ್ದಿರುತ್ತವೆ. ಆ ಫಾಂಟ್ ಇಲ್ಲದ ಕಡೆ ಅವು ತಲೆ ಮೇಲೆ ಗೆರೆ, ಚುಕ್ಕೆ ಇರುವ ರೋಮನ್ ಅಕ್ಷರಗಳ ರಾಶಿಯ ಹಾಗೆ ಕಾಣುತ್ತವೆ. ಅವು ಹಾಳಾಗಿಲ್ಲ, ಸುಮ್ನೆ ಅಳಿಸಿಬಿಡಬೇಡಿ! ಆಸ್ಕಿಯಿಂದ ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಇವೆ. ಆದರೆ ಎಲ್ಲ ಪೋಸ್ಟ್‌ಗೂ ಒಟ್ಟಿಗೆ ಓಡಿಸಿದರೆ ನಡುವೆ ಇರುವ ಇಂಗ್ಲಿಷ್ ಪದ, ಲಿಂಕ್, ಔಷಧಿಯ ಹೆಸರು ಎಲ್ಲ ಕಲಸುಮೇಲೋಗರ ಆಗುತ್ತದೆ. ಕನ್ನಡ ಯೂನಿಕೋಡ್ ಅಕ್ಷರ ಒಂದೂ ಇಲ್ಲದ, ಇಂಥ ಗೆರೆ ಅಕ್ಷರ ಜಾಸ್ತಿ ಇರುವ ಪೋಸ್ಟ್‌ಗಳನ್ನು ಬೇರೆ ಮಾಡಿ, ಬದಲಾಯಿಸಿ, ಕನ್ನಡ ಓದುವವರೊಬ್ಬರು ಒಂದೊಂದಾಗಿ ನೋಡಲಿ. ನಮ್ಮಲ್ಲಿ ಇಬ್ಬರು ಹಿರಿಯ ಸದಸ್ಯರು ಸಂಜೆ ಹೊತ್ತು ಕೂತು ಈ ಕೆಲಸ ಮಾಡಿಕೊಟ್ಟರು. ಅವರ ಋಣ ಫೋರಮ್ ಮೇಲೆ ದೊಡ್ಡದಿದೆ.

ಹುಡುಕಾಟವನ್ನೂ ಈಗಲೇ ನೋಡಿಕೊಳ್ಳಿ. ‘ಸೂರ್ಯ’ ಮತ್ತು ‘ಸೂರ‍್ಯ’ ಓದುವವರಿಗೆ ಒಂದೇ ಪದ, ಕಂಪ್ಯೂಟರ್‌ಗೆ ಬೇರೆ ಬೇರೆ. ಎರಡನೆಯದರ ನಡುವೆ ಕಣ್ಣಿಗೆ ಕಾಣದ ಜೋಡಕ ಚಿಹ್ನೆ ಇದೆ. ನಿಮ್ಮವರು ಜಾಸ್ತಿ ಹುಡುಕುವ ಹತ್ತು ಪದಗಳನ್ನು ಎರಡೂ ರೂಪದಲ್ಲಿ, ವಿಭಕ್ತಿ ಹಚ್ಚಿಯೂ ಹಚ್ಚದೆಯೂ ಹುಡುಕಿ, ಏನು ಸಿಗುತ್ತದೆ ಅಂತ ಬರೆದಿಡಿ.

ಮೂರನೇ ಹೆಜ್ಜೆ: ಹೊಸ ಫೋರಮ್ ಅನ್ನು ನಮ್ಮ ಅಳತೆಗೆ ತರುವುದು

ಡೇಟಾ ತರುವ ಮುಂಚೆ ಬದಲಾಯಿಸಬೇಕಾದ ಕೆಲವು ಸೆಟ್ಟಿಂಗ್‌ಗಳಿವೆ. ಆಮೇಲೆ ಬದಲಾಯಿಸಿದರೆ ಆಗಲೇ ಬಂದಿರುವ ಡೇಟಾ ಸರಿಹೋಗುವುದಿಲ್ಲ.

ಬಳಕೆದಾರರ ಹೆಸರು ಕನ್ನಡದಲ್ಲಿದ್ದರೆ ಯೂನಿಕೋಡ್ ಹೆಸರುಗಳಿಗೆ ಅನುಮತಿ ಕೊಡಿ. ಮೊದಲಿಂದ ಅದು ಆಫ್ ಇರುತ್ತದೆ. ಹೆಸರಿನ ಉದ್ದದ ಮಿತಿ 20, ಅದನ್ನೂ ನೋಡಿ. ಹದಿನೈದು ವರ್ಷ ‘ತೋಟದಮನೆ’ ಅಂತ ಬರೆದವರು ಒಂದು ಬೆಳಿಗ್ಗೆ ಯಾವುದೋ ಸಂಖ್ಯೆಯಾಗಿ ಎದ್ದರೆ ಅವರಿಗೆ ಹೇಗನ್ನಿಸಬೇಡ?

ಲಿಂಕಿನ ವಿಳಾಸದಲ್ಲಿ ವಿಷಯದ ಶೀರ್ಷಿಕೆ ಹೇಗೆ ಬರಬೇಕು ಅನ್ನುವ ಸೆಟ್ಟಿಂಗ್ ಆಸ್ಕಿ ಅಂತ ಇದ್ದರೆ ಕನ್ನಡ ಶೀರ್ಷಿಕೆ ವಿಳಾಸದಲ್ಲಿ ಕಾಣುವುದೇ ಇಲ್ಲ. ಎನ್‌ಕೋಡೆಡ್ ಅಂತ ಇಟ್ಟರೆ ಕನ್ನಡ ಬರುತ್ತದೆ, ಆದರೆ ವಾಟ್ಸಾಪ್‌ಗೆ ಅಂಟಿಸಿದಾಗ ಶೇಕಡಾ ಚಿಹ್ನೆಗಳ ಮಾರುದ್ದ ಸರವಾಗುವುದುಂಟು. ನಾವು ಶೀರ್ಷಿಕೆಯೇ ಬೇಡ, ಬರೀ ಸಂಖ್ಯೆ ಸಾಕು ಅಂತ ಇಟ್ಟುಕೊಂಡೆವು. ನಮ್ಮ ಜನ ಲಿಂಕ್ ಹಂಚುವುದೇ ವಾಟ್ಸಾಪ್‌ನಲ್ಲಿ ಅಲ್ವಾ.

ಪೋಸ್ಟ್ ಕನಿಷ್ಠ 20 ಅಕ್ಷರ, ಶೀರ್ಷಿಕೆ ಕನಿಷ್ಠ 15 ಅನ್ನುವ ನಿಯಮ ಇರುತ್ತದೆ. ‘ಧನ್ಯವಾದಗಳು’ ಅಂತ ಬರೆದರೆ ಒತ್ತು, ಸ್ವರಚಿಹ್ನೆ ಎಲ್ಲ ಸೇರಿಸಿ ಎಣಿಸಿದರೂ 10 ಆಗುತ್ತದೆ, ಫೋರಮ್ ಅದನ್ನು ತೆಗೆದುಕೊಳ್ಳುವುದಿಲ್ಲ. ಕಡಿಮೆ ಮಾಡಿ. ಫೋಟೋ ಗಾತ್ರದ ಮಿತಿಯನ್ನು ಹೆಚ್ಚಿಸಿ, ಹಳೆ ಲಗತ್ತುಗಳಲ್ಲಿ ಯಾವ ಯಾವ ಬಗೆಯ ಫೈಲ್ ಇವೆಯೋ ಅಷ್ಟಕ್ಕೂ ಅನುಮತಿ ಕೊಡಿ. ಇಲ್ಲದಿದ್ದರೆ ಅವು ಆಮದಿನಲ್ಲಿ ಬಿಟ್ಟುಹೋಗುತ್ತವೆ.

ವಿಭಾಗಗಳ ವಿಷಯ. ಹಳೆಯದರಲ್ಲಿ ವಿಭಾಗದೊಳಗೆ ವಿಭಾಗ, ಅದರೊಳಗೆ ಇನ್ನೊಂದು, ಎಷ್ಟು ಆಳಕ್ಕೆ ಬೇಕಾದರೂ ಹೋಗಬಹುದಿತ್ತು. ಡಿಸ್ಕೋರ್ಸ್‌ನಲ್ಲಿ ಸಾಮಾನ್ಯವಾಗಿ ಎರಡೇ ಹಂತ, ಉಳಿದದ್ದಕ್ಕೆ ಟ್ಯಾಗ್. ನಮ್ಮ ಮೂವತ್ತು ಚಿಲ್ಲರೆ ವಿಭಾಗ ಎಂಟಕ್ಕೆ ಇಳಿಯಿತು. ಕೊಳೆರೋಗ, ಎಲೆಚುಕ್ಕಿ, ಹಳದಿ ಎಲೆ ಇವೆಲ್ಲ ‘ರೋಗ’ ವಿಭಾಗದ ಟ್ಯಾಗ್‌ಗಳಾದವು.

ನಾಲ್ಕನೇ ಹೆಜ್ಜೆ: ತಾಲೀಮು, ಮತ್ತೆ ತಾಲೀಮು

ಡಿಸ್ಕೋರ್ಸ್ ಜೊತೆಗೇ ಪಿಎಚ್‌ಪಿಬಿಬಿಯಿಂದ ಆಮದು ಮಾಡುವ ಸ್ಕ್ರಿಪ್ಟ್ ಬರುತ್ತದೆ. ಆಮದಿಗೆ ಅಂತಲೇ ಬೇರೆ ಕಂಟೇನರ್ ಕಟ್ಟಿ, ಡಂಪ್ ಮತ್ತು ಫೈಲ್ ಫೋಲ್ಡರ್‌ಗಳನ್ನು ಅದಕ್ಕೆ ಕಾಣುವ ಜಾಗದಲ್ಲಿ ಇಡಬೇಕು. ಸೆಟ್ಟಿಂಗ್ಸ್ ಫೈಲ್‌ನಲ್ಲಿ ಏನು ತರಬೇಕು, ಏನು ಬೇಡ ಅಂತ ಬರೆದು ಓಡಿಸಬೇಕು. ಪೋಸ್ಟ್‌ಗಳು ಲಕ್ಷದ ಲೆಕ್ಕದಲ್ಲಿದ್ದರೆ ಗಂಟೆಗಟ್ಟಲೆ ಹಿಡಿಯುತ್ತದೆ. ಅದು ಮುಗಿದ ಮೇಲೂ ಫೋಟೋಗಳನ್ನು ಸರಿಹೊಂದಿಸುವ ಕೆಲಸ ಹಿಂದೆ ನಡೆಯುತ್ತಲೇ ಇರುತ್ತದೆ. ಮೊದಲ ದಿನ ಕೆಲವು ಫೋಟೋ ಕಾಣದಿದ್ದರೆ ಗಾಬರಿ ಬೇಡ.

ತಾಲೀಮಿನ ಜಾಗ ಬೇರೆ ಉಪವಿಳಾಸದಲ್ಲಿ ಇರಲಿ. ಲಾಗಿನ್ ಇಲ್ಲದೆ ಯಾರಿಗೂ ಕಾಣಬಾರದು, ಇಲ್ಲದಿದ್ದರೆ ಗೂಗಲ್ ಅದನ್ನೇ ಅಸಲಿ ಅಂದುಕೊಂಡು ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ಭದ್ರತಾ ಪ್ರಮಾಣಪತ್ರಕ್ಕೂ ಲೆಕ್ಕವಿದೆ. ಅದನ್ನು ಉಚಿತವಾಗಿ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಒಂದೇ ಹೆಸರಿಗೆ ವಾರಕ್ಕೆ ಐದಕ್ಕಿಂತ ಜಾಸ್ತಿ ಪ್ರಮಾಣಪತ್ರ ಕೊಡುವುದಿಲ್ಲ, ಪದೇ ಪದೇ ಸರ್ವರ್ ಅಳಿಸಿ ಕಟ್ಟುತ್ತಿದ್ದರೆ ಮಿತಿ ಮುಟ್ಟಿ ನಿಲ್ಲುತ್ತೀರಿ. ಅಸಲಿ ವಿಳಾಸವನ್ನು ಪ್ರಯೋಗಕ್ಕೆ ಬಳಸಬೇಡಿ ಅನ್ನುವುದು ಇದಕ್ಕೂ ಸೇರಿಯೇ.

ಎಲ್ಲಕ್ಕಿಂತ ಮುಖ್ಯ, ತಾಲೀಮಿನ ಜಾಗದಿಂದ ಒಂದೂ ಇಮೇಲ್ ಹೊರಗೆ ಹೋಗಬಾರದು. ನಮ್ಮ ಎರಡನೇ ತಾಲೀಮಿನಲ್ಲಿ ಇಮೇಲ್ ಪರೀಕ್ಷಿಸೋಣ ಅಂತ ಆನ್ ಮಾಡಿದೆ. ವಾರದ ಸಾರಾಂಶದ ಪತ್ರಗಳು ಸಾಲಾಗಿ ಹೊರಟವು. ನಿಲ್ಲಿಸುವಷ್ಟರಲ್ಲಿ ನೂರಾರು ಜನಕ್ಕೆ ತಲುಪಿತ್ತು. ಒಬ್ಬ ಸದಸ್ಯರು ತೀರಿಕೊಂಡು ಆರು ತಿಂಗಳಾಗಿತ್ತು, ಅವರ ಹೆಸರಿಗೆ ಹೋದ ಪತ್ರವನ್ನು ಮನೆಯವರು ನೋಡಿ ಫೋನ್ ಮಾಡಿದರು. ಆ ನೋವು ನನಗೆ ಇವತ್ತಿಗೂ ಇದೆ. ಸಾರಾಂಶ ಪತ್ರದ ಸೆಟ್ಟಿಂಗ್ ಅನ್ನು ಆಮದಿಗೆ ಮುಂಚೆಯೇ ‘ಬೇಡ’ ಅಂತ ಇಡಿ. ತೀರಿಕೊಂಡವರ ಖಾತೆಗಳ ಪಟ್ಟಿ ಮಾಡಿ, ಬರಹ ಉಳಿಸಿ ಪತ್ರ ನಿಲ್ಲಿಸಿ.

ಒಂದೇ ಇಮೇಲ್‌ನಲ್ಲಿ ಎರಡು ಖಾತೆ ಇದೆಯಾ ಅಂತಲೂ ಈಗಲೇ ಹುಡುಕಿ. ಡಿಸ್ಕೋರ್ಸ್ ಒಂದು ಇಮೇಲ್‌ಗೆ ಒಂದೇ ಖಾತೆ ಒಪ್ಪುತ್ತದೆ, ಆಮದಿನಲ್ಲಿ ಎರಡೂ ಸೇರಿ ಒಂದಾಗಿಬಿಡುತ್ತವೆ. ನಮ್ಮಲ್ಲಿ ಅಪ್ಪ, ಮಗ ಒಂದೇ ಇಮೇಲ್ ಇಟ್ಟುಕೊಂಡವರು ಎಷ್ಟೋ ಜನ. ಇಬ್ಬರ ಬರಹ ಬೆರೆತರೆ ಯಾರ ಮಾತು ಯಾರದ್ದೋ ಆಗುತ್ತದೆ. ಫೋನ್ ಮಾಡಿ ಬೇರೆ ಇಮೇಲ್ ಕೇಳಿ.

ಹೊರಗಿನ ಜಾಲತಾಣಗಳಲ್ಲಿ ಇಟ್ಟ ಫೋಟೋಗಳನ್ನು ಮರೆಯಬೇಡಿ. 2017ರಲ್ಲಿ ಫೋಟೋಬಕೆಟ್ ಹೊರಗಿನ ತಾಣಗಳಲ್ಲಿ ತನ್ನ ಫೋಟೋ ತೋರಿಸುವುದನ್ನು ಹಣ ಕೊಟ್ಟವರಿಗೆ ಮಾತ್ರ ಅಂತ ಮಾಡಿದಾಗ ಜಗತ್ತಿನಾದ್ಯಂತ ಫೋರಮ್‌ಗಳಲ್ಲಿ ಫೋಟೋಗಳು ಮಾಯವಾದವು. ಡಿಸ್ಕೋರ್ಸ್‌ನಲ್ಲಿ ಹೊರಗಿನ ಫೋಟೋಗಳನ್ನು ಇಳಿಸಿ ತನ್ನಲ್ಲೇ ಇಟ್ಟುಕೊಳ್ಳುವ ಸೆಟ್ಟಿಂಗ್ ಇದೆ. ಆನ್ ಮಾಡಿ, ಡಿಸ್ಕ್‌ನಲ್ಲಿ ಜಾಗ ಇಟ್ಟುಕೊಳ್ಳಿ.

ಇನ್ನೊಂದು ಒಳ್ಳೆಯ ವಿಷಯ. ಈ ಆಮದು ಸ್ಕ್ರಿಪ್ಟ್ ಯಾವುದನ್ನು ಆಗಲೇ ತಂದಿದ್ದೇನೆ ಅಂತ ಗುರುತಿಟ್ಟುಕೊಳ್ಳುತ್ತದೆ. ಹೊಸ ಡಂಪ್ ಕೊಟ್ಟು ಮತ್ತೆ ಓಡಿಸಿದರೆ ಹೊಸದಾಗಿ ಬಂದದ್ದನ್ನು ಮಾತ್ರ ತರುತ್ತದೆ. ಅಂದರೆ ದೊಡ್ಡ ಆಮದನ್ನು ವಾರದ ಮುಂಚೆಯೇ ಮುಗಿಸಿ, ಕೊನೆಯ ರಾತ್ರಿ ಬಾಕಿ ಮಾತ್ರ ತರಬಹುದು. ನಡುವೆ ಯಾರಾದರೂ ಹಳೆ ಪೋಸ್ಟ್ ತಿದ್ದಿದ್ದರೆ ಆ ತಿದ್ದುಪಡಿ ಬರುವುದಿಲ್ಲ, ಆ ವಾರ ಹಳೆ ಪೋಸ್ಟ್ ತಿದ್ದದಂತೆ ತಡೆಯಿರಿ.

ಐದನೇ ಹೆಜ್ಜೆ: ಹಳೆ ಲಿಂಕ್‌ಗಳು

ಪಿಎಚ್‌ಪಿಬಿಬಿಯ ಒಂದೇ ವಿಷಯಕ್ಕೆ ಹಲವು ವಿಳಾಸ. ವಿಭಾಗದ ಸಂಖ್ಯೆ ಸೇರಿಸಿ ಒಂದು, ಸೇರಿಸದೆ ಒಂದು, ಪುಟದ ಲೆಕ್ಕ ಇರುವುದು ಇನ್ನೊಂದು, ನೇರ ಒಂದು ಪೋಸ್ಟ್‌ಗೆ ಹೋಗುವುದು ಮತ್ತೊಂದು. ಆಮದು ಮಾಡುವಾಗ ವಿಭಾಗ, ವಿಷಯ, ಪೋಸ್ಟ್ ಮೂರಕ್ಕೂ ಶಾಶ್ವತ ಲಿಂಕ್ ಮಾಡುವ ಆಯ್ಕೆ ಆನ್ ಇದೆಯಾ ನೋಡಿ. ಆಮೇಲೆ ಅಡ್ಮಿನ್ ಸೆಟ್ಟಿಂಗ್‌ನಲ್ಲಿ ಈ ಬೇರೆ ಬೇರೆ ರೂಪಗಳನ್ನು ಒಂದೇ ರೂಪಕ್ಕೆ ತರುವ ನಿಯಮ ಬರೆಯಬೇಕು. ಡೊಮೇನ್ ಹಳೆಯದೇ ಇಟ್ಟುಕೊಂಡರೆ ಅರ್ಧ ಕೆಲಸ ಉಳಿಯುತ್ತದೆ. ಬದಲಾಯಿಸಿದರೆ ಹಳೆ ಡೊಮೇನ್‌ನಿಂದ 301 ಮರುನಿರ್ದೇಶನ (ಹಳೆ ವಿಳಾಸ ಒತ್ತಿದವರನ್ನು ಹೊಸದಕ್ಕೆ ಶಾಶ್ವತವಾಗಿ ಕಳಿಸುವ ನಿಯಮ) ಹಾಕಿ, ಆ ಡೊಮೇನ್‌ಗೆ ವರ್ಷ ವರ್ಷ ಹಣ ಕಟ್ಟುತ್ತಲೇ ಇರಿ. ಬಿಟ್ಟರೆ ಬೇರೆ ಯಾರೋ ಕೊಂಡು ಏನು ಬೇಕಾದರೂ ತೋರಿಸಬಹುದು.

‘14ನೇ ಪುಟ ನೋಡಿ’ ಅಂತ ಹಳೆ ಉತ್ತರಗಳಲ್ಲಿ ಬರೆದದ್ದನ್ನು ಯಾವ ಸ್ಕ್ರಿಪ್ಟೂ ಸರಿ ಮಾಡುವುದಿಲ್ಲ, ಯಾಕಂದರೆ ಹೊಸದರಲ್ಲಿ ಪುಟಗಳೇ ಇಲ್ಲ. ಮುಖ್ಯ ವಿಷಯಗಳಲ್ಲಾದರೂ ಕೈಯಿಂದ ತಿದ್ದಿ.

ಆರನೇ ಹೆಜ್ಜೆ: ಇಮೇಲ್ ಮತ್ತು ಪಾಸ್‌ವರ್ಡ್

ಹಳೆ ಪಾಸ್‌ವರ್ಡ್‌ಗಳು ಸಾಮಾನ್ಯವಾಗಿ ಹೊಸದರಲ್ಲಿ ನಡೆಯುವುದಿಲ್ಲ. ಅವನ್ನು ತರುವ ಪ್ಲಗಿನ್ ಇದೆ, ಇಲ್ಲದಿದ್ದರೆ ಎಲ್ಲರೂ ‘ಪಾಸ್‌ವರ್ಡ್ ಮರೆತಿದ್ದೇನೆ’ ಒತ್ತಬೇಕು. ಅಂದರೆ ಮೊದಲ ದಿನ ನಿಮ್ಮ ಸರ್ವರ್ ಕಳಿಸುವ ಇಮೇಲ್ ಜನರ ಇನ್‌ಬಾಕ್ಸ್‌ಗೆ ಬೀಳಲೇಬೇಕು. ಪತ್ರ ನಿಜವಾಗಿ ನಿಮ್ಮದೇ ಅಂತ ತೋರಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ದಾಖಲೆಗಳನ್ನು ಡೊಮೇನ್‌ಗೆ ಸೇರಿಸಿ. 2024ರ ಫೆಬ್ರುವರಿಯಿಂದ ಜಿಮೇಲ್ ಮತ್ತು ಯಾಹೂ ಇದನ್ನು ಬಿಗಿ ಮಾಡಿವೆ. ಒಂದೇ ಸಲ ಐದು ಸಾವಿರ ಜನಕ್ಕೆ ಪತ್ರ ಹೊಡೆಯಬೇಡಿ. ಕಳೆದ ವರ್ಷ ಬಂದುಹೋದವರಿಗೆ ಮೊದಲು, ದಿನಕ್ಕೆ ಕೆಲವು ನೂರು, ನಿಧಾನವಾಗಿ ಹೆಚ್ಚಿಸಿ.

ಏಳನೇ ಹೆಜ್ಜೆ: ಜನ

ಒಂದು ತಿಂಗಳು ಮುಂಚೆ ಹೇಳಿ. ಯಾಕೆ, ಯಾವಾಗ, ಏನು ಉಳಿಯುತ್ತದೆ, ಏನು ಉಳಿಯುವುದಿಲ್ಲ, ಎಲ್ಲ ಬಿಚ್ಚಿಟ್ಟು. ಪೋಸ್ಟಿನ ಕೆಳಗೆ ಬರುವ ಸಹಿ ಡಿಸ್ಕೋರ್ಸ್‌ನಲ್ಲಿ ತಾನಾಗಿ ಇರುವುದಿಲ್ಲ. ನಮಗೆ ಸಣ್ಣದು ಅನ್ನಿಸಿತ್ತು, ಹಿರಿಯರಿಗೆ ಅದು ಅವರ ಊರು, ತೋಟದ ಗುರುತು. ಕೊನೆಗೆ ಪ್ಲಗಿನ್ ಹಾಕಿದೆವು. ಖಾಸಗಿ ಸಂದೇಶ ತರುತ್ತೀರಾ ಇಲ್ಲವಾ ಅನ್ನುವುದನ್ನೂ, ಡೇಟಾ ಯಾವ ದೇಶದ ಸರ್ವರ್‌ಗೆ ಹೋಗುತ್ತದೆ ಅನ್ನುವುದನ್ನೂ ಹೇಳಿ. ಬೇಡ ಅಂದವರ ಖಾತೆ ಅಳಿಸಿಕೊಡಿ.

ಡಿಸ್ಕೋರ್ಸ್‌ನಲ್ಲಿ ನಂಬಿಕೆಯ ಹಂತಗಳಿವೆ, 0ಯಿಂದ 4ರವರೆಗೆ. ಆಮದಾದವರು ಸಾಮಾನ್ಯವಾಗಿ ಕೆಳಗಿನ ಹಂತಗಳಲ್ಲೇ ಕೂರುತ್ತಾರೆ. ಸಾವಿರ ಉತ್ತರ ಬರೆದ ಹಿರಿಯರಿಗೆ ‘ನೀವು ಹೊಸಬರು, ಒಂದೇ ಫೋಟೋ ಹಾಕಬಹುದು’ ಅಂತ ಬರಬಾರದು. ಅವರನ್ನು ಕೈಯಿಂದಲೇ ಮೇಲೇರಿಸಿ. ತಾಲೀಮಿನ ಜಾಗಕ್ಕೆ ಹತ್ತು ಜನರನ್ನು ಕರೆಯಿರಿ, ಅದರಲ್ಲಿ ಐದು ಜನ ಕಂಪ್ಯೂಟರ್ ಅಷ್ಟಾಗಿ ಬಾರದವರಿರಲಿ. ನಮಗೆ ಸಿಕ್ಕ ನಿಜವಾದ ತೊಂದರೆಗಳೆಲ್ಲ ಅವರು ತೋರಿಸಿದ್ದು.

ಸಾಗಿಸುವ ರಾತ್ರಿ

ದಿನವನ್ನು ನಿಮ್ಮ ಜನರ ಪಂಚಾಂಗ ನೋಡಿ ಆರಿಸಿ. ಅಡಿಕೆಯವರಿಗೆ ಮೇ ಕೊನೆಯಿಂದ ಆಗಸ್ಟ್‌ವರೆಗೆ ಔಷಧಿ ಹೊಡೆಯುವ ಕಾಲ, ಆಗ ಫೋರಮ್ ಒಂದು ದಿನವೂ ಮುಚ್ಚಬಾರದು. ನಾವು ಮಾರ್ಚ್‌ನ ಒಂದು ಶನಿವಾರ ಇಟ್ಟುಕೊಂಡೆವು.

ಎರಡು ದಿನ ಮುಂಚೆ ಡಿಎನ್‌ಎಸ್‌ನ (ಡೊಮೇನ್ ಹೆಸರು ಯಾವ ಸರ್ವರ್‌ನದು ಅಂತ ಹೇಳುವ ವ್ಯವಸ್ಥೆ) ಟಿಟಿಎಲ್ ಅನ್ನು, ಅಂದರೆ ಆ ಉತ್ತರವನ್ನು ನೆನಪಿಟ್ಟುಕೊಳ್ಳುವ ಅವಧಿಯನ್ನು, 300 ಸೆಕೆಂಡಿಗೆ ಇಳಿಸಿ. ಆ ರಾತ್ರಿ ಹಳೆಯದನ್ನು ಓದಲು ಮಾತ್ರ ಅಂತ ಮಾಡಿ, ಮುಚ್ಚಬೇಡಿ. ಕೊನೆಯ ಡಂಪ್, ಕೊನೆಯ ಫೈಲ್‌ಗಳು, ಬಾಕಿ ಆಮದು. ಲೆಕ್ಕ ತಾಳೆ ನೋಡಿ, ಇಪ್ಪತ್ತು ಪೋಸ್ಟ್ ತೆರೆದು ನೋಡಿ, ಹಳೆ ಲಿಂಕ್ ಹತ್ತು ಒತ್ತಿ. ಎಲ್ಲ ಸರಿಯಿದ್ದರೆ ಡಿಎನ್‌ಎಸ್ ಬದಲಾಯಿಸಿ. ಹೊಸದರ ಪೂರ್ತಿ ಬ್ಯಾಕಪ್ ಒಂದು ತೆಗೆದು, ಆಮೇಲೆ ಇಮೇಲ್ ಆನ್ ಮಾಡಿ. ರಾತ್ರಿ 2 ಗಂಟೆಗೆ ಏನಾದರೂ ಸರಿಯಿಲ್ಲ ಅನ್ನಿಸಿದರೆ ಹಿಂದಕ್ಕೆ ಹೋಗಿ, ಮುಂದಿನ ಶನಿವಾರ ಮಾಡಿ. ಹಾಗೆ ಹಿಂದಕ್ಕೆ ಹೋಗುವ ಗಡುವನ್ನು ಮುಂಚೆಯೇ ಬರೆದಿಡಿ, ಯಾಕಂದರೆ ನಿದ್ದೆಗೆಟ್ಟ ತಲೆ ‘ಇನ್ನೊಂದು ಸಲ ನೋಡೋಣ’ ಅನ್ನುತ್ತಲೇ ಇರುತ್ತದೆ.

ಮೊದಲ ವಾರ ದಿನಾ ಬೆಳಿಗ್ಗೆ ‘ಪುಟ ಸಿಗಲಿಲ್ಲ’ ಅನ್ನುವ ದಾಖಲೆ ನೋಡಿ, ಜಾಸ್ತಿ ಬರುವ ಹಳೆ ವಿಳಾಸಗಳಿಗೆ ನಿಯಮ ಸೇರಿಸಿ. ಲಾಗಿನ್ ಆಗದವರಿಗೆ ಒಂದು ಫೋನ್ ನಂಬರ್ ಕೊಟ್ಟಿರಿ. ನಮ್ಮಲ್ಲಿ ಮೂರು ಮಾಡರೇಟರ್‌ಗಳು ಸರದಿ ಮೇಲೆ ಫೋನ್ ತೆಗೆದುಕೊಂಡರು, ಇಮೇಲ್ ಯಾವುದು ಕೊಟ್ಟಿದ್ದೆ ಅಂತಲೇ ನೆನಪಿಲ್ಲದವರು ಬಹಳ ಇದ್ದರು. ಹಳೆ ಸರ್ವರ್ ಅನ್ನು ಮೂರು ತಿಂಗಳು ಬಾಗಿಲು ಹಾಕಿ ಹಾಗೇ ಇಟ್ಟುಕೊಳ್ಳಿ. ಎರಡನೇ ತಿಂಗಳಲ್ಲಿ ಒಬ್ಬರು ತಮ್ಮ ಬಾವಿಯ ನೀರಿನ ಪರೀಕ್ಷೆಯ ಪಿಡಿಎಫ್ ಕಾಣುತ್ತಿಲ್ಲ ಅಂದರು. ಫೈಲ್ ಬಗೆಯ ಅನುಮತಿ ಪಟ್ಟಿಯಲ್ಲಿ ಪಿಡಿಎಫ್ ಬಿಟ್ಟುಹೋಗಿತ್ತು. ಹಳೆ ಸರ್ವರ್ ಇದ್ದದ್ದರಿಂದ ಅಂಥ ನಲವತ್ತು ಫೈಲ್ ಒಂದೇ ಸಂಜೆಯಲ್ಲಿ ತಂದು ಸೇರಿಸಿದೆವು.